ಖೋಟಾ ಕ್ರಯಪತ್ರ, ಇಪ್ಪತ್ತು ವರ್ಷದ ಕೇಸು: ಶಿಕ್ಷೆ ಹೇಗೆ ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ

ಹಳೆಯ ಜಮೀನು ಕೇಸುಗಳ ಮೇಲ್ಮನವಿ ತೀರ್ಪಿನ ಕೊನೆಯ ಪುಟದಲ್ಲಿ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: ದೋಷಿ ಎಂಬ ತೀರ್ಮಾನವನ್ನು ಎತ್ತಿಹಿಡಿಯಲಾಗಿದೆ, ಶಿಕ್ಷೆಯನ್ನು ಈಗಾಗಲೇ ಅನುಭವಿಸಿದ ಅವಧಿಗೆ ಇಳಿಸಲಾಗಿದೆ. ಜಮೀನು ಕಳೆದುಕೊಂಡವರ ಕಿವಿಗೆ ಇದು ‘ಬಿಟ್ಟುಬಿಟ್ಟರು’ ಎಂದು ಕೇಳಿಸುತ್ತದೆ. ಆರೋಪಿಯ ಕಡೆಯವರು ‘ಕೇಸು ಗೆದ್ದೆವು’ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ. ಎರಡೂ ಸರಿಯಲ್ಲ. ಅಂಗಡಿಯವರು ರಿಯಾಯಿತಿ ಕೊಟ್ಟಾಗ ಬಿಲ್ಲಿನಲ್ಲಿ ಬರೆದ ಸಾಮಾನು ಅಳಿಸಿಹೋಗುವುದಿಲ್ಲ, ಕೊಡಬೇಕಾದ ಮೊತ್ತ ಮಾತ್ರ ಕಡಿಮೆಯಾಗುತ್ತದೆ. ಇಲ್ಲಿಯೂ ಹಾಗೆಯೇ. ಅಪರಾಧ ದಾಖಲೆಯಲ್ಲಿ ಉಳಿಯುತ್ತದೆ, ಜೈಲಿನ ದಿನಗಳು ಮಾತ್ರ ಕಡಿಮೆಯಾಗುತ್ತವೆ.

ಯಾವುದು ಖೋಟಾ, ಯಾವುದು ಬರೀ ಮೋಸ

ಪಕ್ಕದ ಮನೆಯವರ ಹಸುವನ್ನು ‘ನನ್ನದೇ’ ಎಂದು ಸಂತೆಯಲ್ಲಿ ಮಾರಿದರೆ ಅದು ಮೋಸ. ಅವರೇ ಮಾರಿದ ಹಾಗೆ ಅವರ ರುಜು ಹಾಕಿ ಚೀಟಿ ಬರೆದುಕೊಟ್ಟರೆ ಅದು ಖೋಟಾ. ಕಾನೂನು ಈ ಗೆರೆಯನ್ನು ತುಂಬ ಗಟ್ಟಿಯಾಗಿ ಎಳೆದಿದೆ. ಭಾರತೀಯ ದಂಡ ಸಂಹಿತೆಯ 464ನೇ ಸೆಕ್ಷನ್ ಪ್ರಕಾರ ಸುಳ್ಳು ದಸ್ತಾವೇಜು ಹುಟ್ಟುವುದು ಮೂರು ಬಗೆಯಲ್ಲಿ: ಬೇರೆಯವರೇ ಬರೆದುಕೊಟ್ಟರೆಂದೋ ಅವರ ಅಧಿಕಾರದಿಂದ ಬರೆದೆನೆಂದೋ ನಂಬಿಸಿ ಪತ್ರ ಮಾಡುವುದು, ಬರೆದಾದ ಪತ್ರವನ್ನು ತಿದ್ದುವುದು, ಮತಿ ಸ್ವಾಧೀನವಿಲ್ಲದವರಿಂದ ಅಥವಾ ವಂಚನೆಯಿಂದ ಪತ್ರದ ಒಳಗೇನಿದೆ ಎಂದೇ ತಿಳಿಯದವರಿಂದ ರುಜು ಮಾಡಿಸುವುದು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಲೀಕರ ಬದಲು ಇನ್ನೊಬ್ಬರನ್ನು ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸುವುದು, ಸತ್ತವರ ಹೆಸರಿನಲ್ಲಿ ಜಿಪಿಎ (ಬೇರೆಯವರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಸೃಷ್ಟಿಸುವುದು, 1 ಎಕರೆ 10 ಗುಂಟೆಯನ್ನು 4 ಎಕರೆ 10 ಗುಂಟೆ ಎಂದು ತಿದ್ದುವುದು, ಇಲ್ಲದ ವಿಲ್ ಹುಟ್ಟಿಸುವುದು, ಇವೆಲ್ಲ ಇದರೊಳಗೆ ಬರುತ್ತವೆ. ತಮ್ಮನೊಬ್ಬ ಅಣ್ಣನ ಪಾಲಿನ ಜಮೀನನ್ನು ತನ್ನದೆಂದು ಹೇಳಿ ತನ್ನ ಹೆಸರಿನಲ್ಲೇ ರುಜು ಹಾಕಿ ಮಾರಿದರೆ ಅದು ಖೋಟಾ ಆಗುವುದಿಲ್ಲ ಎಂದು 2009ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಮೋಸ ಹೋದವರು ಕೊಂಡವರು, ನಿಜವಾದ ಮಾಲೀಕರಲ್ಲ. 2018ರ ಇನ್ನೊಂದು ತೀರ್ಪಿನ ಪ್ರಕಾರ ಖೋಟಾಕ್ಕೆ ಶಿಕ್ಷೆ ಆಗಬೇಕಾದರೆ ಆ ವ್ಯಕ್ತಿಯೇ ದಸ್ತಾವೇಜು ಸೃಷ್ಟಿಸಿದ್ದು ಸಾಬೀತಾಗಬೇಕು. ಲಾಭ ಪಡೆದರು ಎಂಬುದೊಂದೇ ಸಾಲದು. ನಕಲಿ ಎಂದು ಗೊತ್ತಿದ್ದೂ ಬಳಸಿದವರಿಗೆ ಬೇರೆಯೇ ಸೆಕ್ಷನ್ ಇದೆ, 471.

ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯುವ ಮೊದಲ ದಾರಿ ಇಲ್ಲೇ ತೆರೆದುಕೊಳ್ಳುತ್ತದೆ. ದೊಡ್ಡ ಸೆಕ್ಷನ್ ಬಿದ್ದುಹೋಗಿ ಚಿಕ್ಕದು ಉಳಿದರೆ ಶಿಕ್ಷೆ ತಾನಾಗಿಯೇ ಕುಗ್ಗುತ್ತದೆ. ಅದಕ್ಕೂ ವಿಳಂಬಕ್ಕೂ ಸಂಬಂಧವಿಲ್ಲ. ಪತ್ರಿಕೆಯ ಸುದ್ದಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ ಅಷ್ಟೆ.

ಕಾಗದದಲ್ಲಿ ಜೀವಾವಧಿ, ಕೋರ್ಟಿನಲ್ಲಿ ಮೂರು ವರ್ಷ

ಸಾಮಾನ್ಯ ಖೋಟಾಕ್ಕೆ 465ರ ಅಡಿ 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮೋಸ ಮಾಡುವ ಉದ್ದೇಶದ ಖೋಟಾಕ್ಕೆ 468ರ ಅಡಿ 7 ವರ್ಷದವರೆಗೆ. ಕ್ರಯಪತ್ರ, ವಿಲ್‌ನಂಥ ಬೆಲೆಯುಳ್ಳ ದಸ್ತಾವೇಜಿನ ಖೋಟಾಕ್ಕೆ 467ರ ಅಡಿ ಜೀವಾವಧಿ, ಅಥವಾ 10 ವರ್ಷದವರೆಗೆ ಜೈಲು ಮತ್ತು ದಂಡ. ವಂಚನೆಗೆ 420ರ ಅಡಿ 7 ವರ್ಷದವರೆಗೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 336, 338, 340 ಮತ್ತು 318(4) ಎಂಬ ಸಂಖ್ಯೆಗಳಾಗಿವೆ. ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ಸಂವಿಧಾನದ 20(1)ನೇ ವಿಧಿಯ ಪ್ರಕಾರ ಅಪರಾಧ ನಡೆದಾಗ ಇದ್ದ ಶಿಕ್ಷೆಗಿಂತ ಹೆಚ್ಚು ಕೊಡುವಂತಿಲ್ಲ. ಉದಾಹರಣೆಗೆ, ಬೇರೆಯವರ ಸೋಗು ಹಾಕಿ ವಂಚಿಸುವುದಕ್ಕೆ ಹೊಸ ಸಂಹಿತೆ 5 ವರ್ಷದವರೆಗೆ ಇಟ್ಟಿದೆ. 2003ರಲ್ಲಿ ಹೆಬ್ಬೆಟ್ಟು ಒತ್ತಿದವರಿಗೆ ಹಳೆಯ 419ರ ಮಿತಿಯಾದ 3 ವರ್ಷವೇ.

‘ಜೀವಾವಧಿ ಇರುವ ಕೇಸು’ ಎಂದು ಕೇಳಿ ಫಿರ್ಯಾದುದಾರರು ದೊಡ್ಡ ನಿರೀಕ್ಷೆ ಇಟ್ಟುಕೊಳ್ಳುತ್ತಾರೆ. ಆದರೆ ಈ ಸೆಕ್ಷನ್‌ಗಳ ವಿಚಾರಣೆ ನಡೆಯುವುದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಅಂದರೆ ಜೆಎಂಎಫ್‌ಸಿ ಕೋರ್ಟಿನಲ್ಲಿ. ಆ ಕೋರ್ಟು ಒಂದು ಅಪರಾಧಕ್ಕೆ ಕೊಡಬಹುದಾದ ಗರಿಷ್ಠ ಶಿಕ್ಷೆ 3 ವರ್ಷ. ದಂಡ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ 10,000 ರೂಪಾಯಿ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 50,000. ಇದು ಸಾಲದು ಎನಿಸಿದರೆ ಮ್ಯಾಜಿಸ್ಟ್ರೇಟರು ಕಡತವನ್ನು 7 ವರ್ಷದವರೆಗೆ ಶಿಕ್ಷೆ ಕೊಡಬಲ್ಲ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬಹುದು. ಹಾಗೆ ಕಳುಹಿಸದಿದ್ದರೆ ಇಳಿಕೆಯ ಲೆಕ್ಕ ಶುರುವಾಗುವುದೇ ಮೂರು ವರ್ಷದಿಂದ.

ಇನ್ನೊಂದು ಅಂಶ: ಮೇಲಿನ ಯಾವ ಸೆಕ್ಷನ್‌ನಲ್ಲೂ ಕನಿಷ್ಠ ಶಿಕ್ಷೆ ಇಲ್ಲ. ಎಲ್ಲವೂ ‘ವರೆಗೆ’. ಇಡೀ ಇಳಿಕೆ ನಿಂತಿರುವುದು ಆ ಒಂದು ಪದದ ಮೇಲೆ.

ಇಪ್ಪತ್ತು ವರ್ಷ ಎಲ್ಲಿ ಹೋಗುತ್ತವೆ

ಮೂರು ವರ್ಷಕ್ಕಿಂತ ಹೆಚ್ಚಿನ ಜೈಲುಶಿಕ್ಷೆ ಇರುವ ಅಪರಾಧಕ್ಕೆ ದೂರು ಕೊಡಲು ಕಾಲಮಿತಿ ಇಲ್ಲ. ಹಾಗಾಗಿ ವಿಳಂಬ ಠಾಣೆಗೆ ಹೋಗುವ ಮೊದಲೇ ಶುರುವಾಗಿರುತ್ತದೆ. ಮಗ ಪಟ್ಟಣದಿಂದ ಬಂದು ಪಹಣಿ ತೆಗೆಸಿದಾಗಲೋ, ಸಾಲಕ್ಕೆಂದು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದಾಗಲೋ ಹತ್ತು ವರ್ಷದ ಹಿಂದಿನ ಕ್ರಯಪತ್ರ ಹೊರಬರುತ್ತದೆ.

ಆಮೇಲೆ ಮೂಲ ದಸ್ತಾವೇಜಿನ ಹುಡುಕಾಟ. ಜೆರಾಕ್ಸ್ ಪ್ರತಿ ಇಟ್ಟುಕೊಂಡು ರುಜು ಹೋಲಿಕೆ ಮಾಡಿಸಲಾಗದು. ಒತ್ತಡ, ಶಾಯಿ, ಲೇಖನಿ ಎತ್ತಿದ ಜಾಗ ಯಾವುದೂ ಅದರಲ್ಲಿ ಕಾಣುವುದಿಲ್ಲ. ಮೂಲ ಪತ್ರ ಆರೋಪಿಯ ಕೈಯಲ್ಲಿರುತ್ತದೆ, ಇಲ್ಲವೇ ಬ್ಯಾಂಕಿನಲ್ಲಿ ಅಡವಾಗಿರುತ್ತದೆ, ಇಲ್ಲವೇ ಅದೇ ಜಮೀನಿನ ಸಿವಿಲ್ ದಾವೆಯ ಕಡತದೊಳಗೆ ಸೇರಿಹೋಗಿರುತ್ತದೆ. ಅದನ್ನು ತರಿಸಿಕೊಳ್ಳುವುದಕ್ಕೇ ಅರ್ಜಿ, ಆಕ್ಷೇಪಣೆ, ಆದೇಶ ಆಗಬೇಕು. ನಂತರ ಅದೇ ಕಾಲಕ್ಕೆ ಸೇರಿದ ಒಪ್ಪಿತ ರುಜುಗಳು ಬೇಕು: ಹಳೆಯ ಬ್ಯಾಂಕ್ ಅರ್ಜಿ, ಸೊಸೈಟಿ ಸಾಲದ ಕಾಗದ, ಪಿಂಚಣಿ ಪುಸ್ತಕ. 1998ರ ರುಜುವನ್ನು 2015ರ ನಡುಗುವ ರುಜುವಿನ ಜೊತೆ ಇಟ್ಟರೆ ತಜ್ಞರು ‘ಖಚಿತ ಅಭಿಪ್ರಾಯ ಸಾಧ್ಯವಿಲ್ಲ’ ಎಂದು ಬರೆದು ಕಳುಹಿಸುತ್ತಾರೆ, ಮತ್ತೊಂದು ಸುತ್ತು ಶುರು. ಹೆಬ್ಬೆಟ್ಟಿನ ಗುರುತು ಈ ವಿಷಯದಲ್ಲಿ ಎಷ್ಟೋ ಗಟ್ಟಿ, ಅದು ವಯಸ್ಸಿನ ಜೊತೆ ಬದಲಾಗುವುದಿಲ್ಲ. ಆದರೆ ಒತ್ತುವಾಗ ಶಾಯಿ ಹರಡಿದ್ದರೆ ಗೆರೆಗಳೇ ಇರುವುದಿಲ್ಲ. ಹಾಗೆ ಹರಡಿದ್ದು ಯಾವಾಗಲೂ ಆಕಸ್ಮಿಕ ಎಂದು ನಂಬಬೇಕಾಗಿಲ್ಲ.

ಸಾಕ್ಷಿಗಳ ಪಾಡು ಬೇರೆ. ಬಿಕ್ಕಲಂ (ಪತ್ರ ಬರೆದವರ ರುಜು) ಹಾಕಿದ ಪತ್ರಬರಹಗಾರ ತೀರಿಕೊಂಡಿರುತ್ತಾನೆ. ಆಗಿದ್ದ ಸಬ್ ರಿಜಿಸ್ಟ್ರಾರ್ ನಿವೃತ್ತರಾಗಿ ಬೇರೆ ಜಿಲ್ಲೆ ಸೇರಿರುತ್ತಾರೆ. ಐದು ಆರೋಪಿಗಳಲ್ಲಿ ಒಬ್ಬ ನಾಪತ್ತೆಯಾದರೆ ವಾರಂಟ್, ಮತ್ತೆ ವಾರಂಟ್, ಕೊನೆಗೆ ಅವನ ಕೇಸನ್ನು ಬೇರ್ಪಡಿಸುವುದು. ನಡುವೆ ಯಾರಾದರೂ ಕೇಸು ರದ್ದು ಕೋರಿ ಹೈಕೋರ್ಟಿನಲ್ಲಿ ತಡೆಯಾಜ್ಞೆ ತಂದರೆ ಕೆಳಗಿನ ಕಡತ ಅಲ್ಲೇ ಕೂತುಬಿಡುತ್ತದೆ. ಆರು ತಿಂಗಳಾದರೆ ತಡೆಯಾಜ್ಞೆ ತಾನೇ ರದ್ದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರಲ್ಲಿ ಸಂವಿಧಾನ ಪೀಠ ಆ ನಿಯಮವನ್ನು ತೆಗೆದುಹಾಕಿತು. ಈಗ ತೆರವಿಗೆ ಅರ್ಜಿ ಹಾಕಿಯೇ ಕೇಳಬೇಕು.

ತೀರ್ಪು ಬಂದ ಮೇಲೂ ಹಾದಿ ಉದ್ದ. ಜಾಮೀನಿನ ಮೇಲಿದ್ದವರಿಗೆ 3 ವರ್ಷ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆಯಾದರೆ, ಮೇಲ್ಮನವಿ ಹಾಕಲೆಂದು ಶಿಕ್ಷೆ ಕೊಟ್ಟ ಕೋರ್ಟೇ ಜಾಮೀನು ಮುಂದುವರಿಸುತ್ತದೆ. 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ, ಅಲ್ಲಿ ಶಿಕ್ಷೆ ಅಮಾನತು, ನಂತರ ಹೈಕೋರ್ಟಿಗೆ ರಿವಿಷನ್ (ಕೆಳಗಿನ ತೀರ್ಪಿನ ಮರುಪರಿಶೀಲನೆಯ ಅರ್ಜಿ), ಅಲ್ಲೂ ಅಮಾನತು. ಮೊದಲ ತೀರ್ಪಿನಿಂದ ಕೊನೆಯ ತೀರ್ಪಿನವರೆಗೆ ವರ್ಷಗಳು ಉರುಳಿದರೂ ಜೈಲಿನ ದಿನಗಳ ಲೆಕ್ಕ ಒಂದೂ ಮುಂದೆ ಹೋಗಿರುವುದಿಲ್ಲ.

ಇಷ್ಟು ತಡವಾದರೆ ಕೇಸನ್ನೇ ಏಕೆ ಕೈಬಿಡುವುದಿಲ್ಲ

ತ್ವರಿತ ವಿಚಾರಣೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಪಾಡುವ ಸಂವಿಧಾನದ 21ನೇ ವಿಧಿಯ ಭಾಗ ಎಂದು ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ತೊಂಬತ್ತರ ದಶಕದಲ್ಲಿ ಕೆಲವು ತೀರ್ಪುಗಳು ‘ಇಷ್ಟು ವರ್ಷವಾದರೆ ವಿಚಾರಣೆ ಮುಕ್ತಾಯ’ ಎಂಬ ಗಡುವನ್ನೂ ಹಾಕಿದವು. 2002ರಲ್ಲಿ ಕರ್ನಾಟಕದಿಂದ ಹೋದ ಪ್ರಕರಣದಲ್ಲೇ, ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ, ಏಳು ನ್ಯಾಯಮೂರ್ತಿಗಳ ಪೀಠ ಆ ಗಡುವುಗಳನ್ನು ಒಪ್ಪಲಿಲ್ಲ. ಕ್ಯಾಲೆಂಡರ್ ನೋಡಿ ಕೇಸು ಮುಚ್ಚುವಂತಿಲ್ಲ. ಅಪರಾಧದ ಸ್ವರೂಪ, ವಿಳಂಬಕ್ಕೆ ಯಾರು ಕಾರಣ, ಆರೋಪಿಗೆ ಆದ ತೊಂದರೆ ಇವನ್ನೆಲ್ಲ ಆಯಾ ಕೇಸಿನಲ್ಲೇ ತೂಗಬೇಕು.

ಹಾಗಾಗಿ ವಿಳಂಬದ ಮಾತು ಅಪರಾಧ ನಿರ್ಣಯದ ಹಂತದಲ್ಲಿ ಹೆಚ್ಚು ನಡೆಯದೆ, ಶಿಕ್ಷೆಯ ಪ್ರಮಾಣ ನಿರ್ಧರಿಸುವ ಹಂತಕ್ಕೆ ಬಂದು ನಿಲ್ಲುತ್ತದೆ. ದೋಷಿ ಎಂದು ಸಾರಿದ ನಂತರ ಶಿಕ್ಷೆ ಎಷ್ಟಿರಬೇಕು ಎಂಬುದರ ಬಗ್ಗೆ ಆರೋಪಿಯನ್ನು ಪ್ರತ್ಯೇಕವಾಗಿ ಕೇಳಬೇಕೆಂದು ಕಾನೂನೇ ಹೇಳುತ್ತದೆ. ಕೆಳಗಿನ ಕೋರ್ಟಿನಲ್ಲಿ ಎಷ್ಟೋ ಸಲ ಇದು ‘ಮನೆಗೆ ನಾನೊಬ್ಬನೇ ದುಡಿಯುವವನು, ಕರುಣೆ ತೋರಿ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಕಾಗದಪತ್ರ ಕೊಡಬೇಕಾದ ಜಾಗ ಅದು.

ದಿನಗಳ ಲೆಕ್ಕ

ಒಂದು ಕಲ್ಪಿತ ಉದಾಹರಣೆ. ಆರೋಪಿಯನ್ನು ಮಾರ್ಚ್ 3ರಂದು ದಸ್ತಗಿರಿ ಮಾಡಿ, ಏಪ್ರಿಲ್ 11ರಂದು ಜಾಮೀನಿನ ಮೇಲೆ ಬಿಡಲಾಯಿತು. ಎರಡೂ ದಿನ ಸೇರಿಸಿದರೆ 40 ದಿನ. ವರ್ಷಗಳ ನಂತರ 467ಕ್ಕೆ 3 ವರ್ಷ, 468ಕ್ಕೆ 2 ವರ್ಷ, 471ಕ್ಕೆ 2 ವರ್ಷ ಶಿಕ್ಷೆಯಾಯಿತು ಎನ್ನೋಣ.

ಮೊದಲು ನೋಡಬೇಕಾದದ್ದು ‘ಏಕಕಾಲದಲ್ಲಿ’ ಎಂಬ ಪದ ಆದೇಶದಲ್ಲಿ ಇದೆಯೇ ಎಂದು. ಇದ್ದರೆ ಒಟ್ಟು 3 ವರ್ಷ. ಹಳೆಯ ಪ್ರಕ್ರಿಯಾ ಸಂಹಿತೆಯ 31ನೇ ಸೆಕ್ಷನ್ ಪ್ರಕಾರ ಆ ಪದ ಇಲ್ಲದಿದ್ದರೆ ಶಿಕ್ಷೆಗಳು ಒಂದಾದ ಮೇಲೆ ಒಂದು ನಡೆಯುತ್ತವೆ, ಅಂದರೆ 7 ವರ್ಷ. ಆದರೆ ಒಟ್ಟು ಅವಧಿ ಆ ಕೋರ್ಟಿನ ಒಂದು ಅಪರಾಧದ ಮಿತಿಯ ಎರಡು ಪಟ್ಟು ಮೀರಬಾರದು, ಹಾಗಾಗಿ ಜೆಎಂಎಫ್‌ಸಿ ಆದೇಶಕ್ಕೆ 6 ವರ್ಷವೇ ಮಿತಿ. ಮೇಲ್ಮನವಿಯಲ್ಲಿ ವಕೀಲರು ಮೊದಲು ಸರಿಪಡಿಸಿಕೊಳ್ಳುವ ತಪ್ಪು ಇದು.

ಎರಡನೆಯದು ಸೆಟ್ ಆಫ್. ಹಳೆಯ ಪ್ರಕ್ರಿಯಾ ಸಂಹಿತೆಯ 428ನೇ ಸೆಕ್ಷನ್, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 468. ತೀರ್ಪಿಗೆ ಮೊದಲು ಅದೇ ಕೇಸಿನಲ್ಲಿ ಒಳಗಿದ್ದ ದಿನಗಳು ಶಿಕ್ಷೆಯಿಂದ ಕಳೆಯುತ್ತವೆ. ಇದು ಕರುಣೆಯಲ್ಲ, ಹಕ್ಕು. 3 ವರ್ಷದಲ್ಲಿ 40 ದಿನ ಕಳೆದು ಉಳಿದದ್ದು ಬಾಕಿ.

ಮೂರನೆಯದು ಇಳಿಕೆ. ಹೈಕೋರ್ಟ್ ‘ಈಗಾಗಲೇ ಅನುಭವಿಸಿದ ಅವಧಿ’ ಎಂದರೆ ಆ 40 ದಿನವೇ ಪೂರ್ಣ ಶಿಕ್ಷೆ, ಮತ್ತೆ ಒಳಗೆ ಹೋಗಬೇಕಿಲ್ಲ. ‘6 ತಿಂಗಳು’ ಎಂದರೆ 40 ದಿನ ಕಳೆದು ಉಳಿದದ್ದಕ್ಕೆ ಕೋರ್ಟ್ ಹೇಳಿದ ಗಡುವಿನೊಳಗೆ ಶರಣಾಗಬೇಕು.

ನಿರೀಕ್ಷಣಾ ಜಾಮೀನು ಪಡೆದು ಒಂದು ದಿನವೂ ಒಳಗೆ ಹೋಗದವರಿಗೆ ಈ ವಾದ ತಿರುಗುಬಾಣ. ಅನುಭವಿಸಿದ ಅವಧಿ ಸೊನ್ನೆ. 467, 468, 420 ಮೂರರಲ್ಲೂ ಜೈಲು ಕಡ್ಡಾಯ, ದಂಡ ಅದರ ಜೊತೆಗೆ. ಬರೀ ದಂಡ ಹಾಕಿ ಬಿಡುವಂತಿಲ್ಲ. ಕನಿಷ್ಠವೆಂದರೆ ‘ಕೋರ್ಟ್ ಏಳುವವರೆಗೆ’ ಎಂಬ ಒಂದು ದಿನದ ಶಿಕ್ಷೆ, ಅದೂ ಅಪರೂಪಕ್ಕೆ. ಬರೀ ದಂಡಕ್ಕೆ ಅವಕಾಶ ಇರುವುದು 465ರಲ್ಲಿ.

ತಕ್ಕಡಿಯಲ್ಲಿ ಏನೇನು ಬೀಳುತ್ತದೆ

ಬರೀ ‘ಇಪ್ಪತ್ತೆರಡು ವರ್ಷವಾಯಿತು’ ಎಂದರೆ ಸಾಲದು. ಆ ವರ್ಷಗಳು ಯಾರ ಖಾತೆಗೆ ಸೇರಬೇಕು ಎಂಬುದು ಮೊದಲ ಪ್ರಶ್ನೆ. ಉತ್ತರ ಇರುವುದು ಆರ್ಡರ್ ಶೀಟಿನಲ್ಲಿ. ಪ್ರತಿ ವಾಯಿದೆಯಲ್ಲೂ ಯಾರು ಬಂದರು, ಯಾರು ಬರಲಿಲ್ಲ, ಯಾರು ಸಮಯ ಕೇಳಿದರು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಅದರ ದೃಢೀಕೃತ ನಕಲು ತೆಗೆದು, ಪ್ರಾಸಿಕ್ಯೂಷನ್‌ನಿಂದ ಹೋದ ವಾಯಿದೆ, ಆರೋಪಿಯಿಂದ ಹೋದ ವಾಯಿದೆ, ಕೋರ್ಟಿನಲ್ಲಿ ನ್ಯಾಯಾಧೀಶರು ಇಲ್ಲದೆ ಹೋದ ವಾಯಿದೆ ಎಂದು ಮೂರು ಪಟ್ಟಿ ಮಾಡಿಕೊಟ್ಟರೆ ಒಂದು ಪುಟದ ವಾದ ಹತ್ತು ಪುಟದ ಕರುಣೆಯ ಅರ್ಜಿಗಿಂತ ಹೆಚ್ಚು ತೂಗುತ್ತದೆ. ಫಿರ್ಯಾದುದಾರರೂ ಇದೇ ಪಟ್ಟಿಯನ್ನು ತಿರುಗಿಸಿ ಬಳಸಬಹುದು. ಎಂಟು ಸಲ ವಾರಂಟ್ ಹೊರಡಿಸಿಕೊಂಡವರು ವಿಳಂಬದ ಹೆಸರಿನಲ್ಲಿ ರಿಯಾಯಿತಿ ಕೇಳುವುದು ಕಷ್ಟ.

ನಂತರ ಪಾತ್ರ. ಸೋಗು ಹಾಕಿ ನಿಂತವನು, ಅವನನ್ನು ಕರೆತಂದ ಬ್ರೋಕರ್, ‘ಇವರೇ ಮಾಲೀಕರು, ನನಗೆ ಗೊತ್ತು’ ಎಂದು ಗುರುತಿಸಿದ ಸಾಕ್ಷಿ, ಎಲ್ಲರ ತೂಕ ಒಂದೇ ಅಲ್ಲ. ವಯಸ್ಸು, ಕಾಯಿಲೆ, ಬೇರೆ ಕೇಸು ಇಲ್ಲದಿರುವುದು, ಜಾಮೀನಿನ ಷರತ್ತು ಮುರಿಯದೆ ಇದ್ದದ್ದು, ಇವಕ್ಕೆಲ್ಲ ದಾಖಲೆ ಬೇಕು. ಆಸ್ಪತ್ರೆಯ ಚೀಟಿ ಇತ್ತೀಚಿನದಾಗಿರಲಿ, ಐದು ವರ್ಷ ಹಳೆಯ ಸ್ಕ್ಯಾನ್ ವರದಿ ಕೆಲಸಕ್ಕೆ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ತೂಗುವುದು ಜಮೀನು ಹಿಂದಿರುಗಿತೇ ಎಂಬುದು. ರದ್ದುಪತ್ರ ಮಾಡಿಕೊಟ್ಟು, ಪಹಣಿ ಸರಿಪಡಿಸಲು ಸಹಕರಿಸಿದ ಆರೋಪಿಗೂ, ಜಮೀನನ್ನು ಮೂರನೆಯವರಿಗೆ ದಾಟಿಸಿ ಹಣ ಜೇಬಿಗಿಳಿಸಿದವನಿಗೂ ಒಂದೇ ರಿಯಾಯಿತಿ ಸಿಗುವುದಿಲ್ಲ.

ರಾಜಿಗೂ ಮಿತಿಯಿದೆ. 420ನ್ನು ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. 465, 467, 468, 471 ರಾಜಿಯಾಗದ ಸೆಕ್ಷನ್‌ಗಳು. ಅಲ್ಲಿ ಎರಡೂ ಕಡೆಯವರು ಕೂಡಿ ಅರ್ಜಿ ಕೊಟ್ಟರೂ ಕೆಳಗಿನ ಕೋರ್ಟು ಕೇಸು ಮುಚ್ಚಲಾಗದು. ಶಿಕ್ಷೆ ಕಡಿಮೆ ಮಾಡಲು ಅದೊಂದು ಕಾರಣವಾಗಬಹುದು ಅಷ್ಟೆ. ಇಡೀ ಕೇಸು ರದ್ದಾಗಬೇಕಾದರೆ ಹೈಕೋರ್ಟಿನ ಅಂತರ್ಗತ ಅಧಿಕಾರವನ್ನೇ (ನ್ಯಾಯಕ್ಕಾಗಿ ಕೇಸು ರದ್ದು ಮಾಡುವ ಅದರ ವಿಶೇಷ ಅಧಿಕಾರ) ಕೇಳಬೇಕು.

ಇಳಿಕೆ ಮಿತಿ ಮೀರಿದರೆ ಸುಪ್ರೀಂ ಕೋರ್ಟ್ ತಿರುಗಿಸಿದ್ದೂ ಉಂಟು. ಅನುಚಿತ ಅನುಕಂಪದಿಂದ ತೀರ ಕಡಿಮೆ ಶಿಕ್ಷೆ ಕೊಟ್ಟರೆ ಕಾನೂನಿನ ಮೇಲಿನ ಜನರ ನಂಬಿಕೆಗೆ ಏಟು ಬೀಳುತ್ತದೆ ಎಂಬ 1991ರ ಅದರ ಮಾತನ್ನು ಸರ್ಕಾರಿ ವಕೀಲರು ಈಗಲೂ ಓದಿ ಹೇಳುತ್ತಾರೆ.

ವಿಳಂಬ ಕೆಲಸಕ್ಕೆ ಬಾರದ ಕಡೆ

ಖೋಟಾ ಕೇಸಿನಲ್ಲಿ ಸರ್ಕಾರಿ ನೌಕರರೂ ಸೇರಿದ್ದು, ಅವರ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯೂ ಇದ್ದರೆ ಚಿತ್ರ ಬದಲಾಗುತ್ತದೆ. ಆ ಕಾಯ್ದೆಯಲ್ಲಿ ಕನಿಷ್ಠ ಶಿಕ್ಷೆ ಇದೆ. ಸಂಪೂರ್ಣ ನ್ಯಾಯ ಕೊಡಲು ಸಂವಿಧಾನ ತನಗೆ ವಿಶೇಷ ಅಧಿಕಾರ ಕೊಟ್ಟಿರುವ 142ನೇ ವಿಧಿ ಬಳಸಿಯೂ ಕಾನೂನು ಹೇಳಿದ ಕನಿಷ್ಠಕ್ಕಿಂತ ಕೆಳಗೆ ಇಳಿಸಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ.

1958ರ ಪರಿವೀಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಅಡಿ ಜೈಲಿನ ಬದಲು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ದಾರಿಯೂ ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಕ್ಕೆ ಅದು ಸಿಗುವುದಿಲ್ಲ. ಆದ್ದರಿಂದ 468, 420ಕ್ಕೆ ಕೇಳಬಹುದು, 467 ಉಳಿದಿರುವವರೆಗೆ ಕೇಳಲಾಗದು. ಮೇಲ್ಮನವಿಯಲ್ಲಿ 467 ಒಂದನ್ನೇ ಗುರಿಯಿಟ್ಟು ವಾದಿಸುವುದಕ್ಕೆ ಇದೂ ಒಂದು ಕಾರಣ.

ಫಿರ್ಯಾದುದಾರರ ಕೈಯಲ್ಲಿ ಏನಿದೆ

‘ಶಿಕ್ಷೆ ಸಾಲದು’ ಎಂದು ನೊಂದವರು ತಾವೇ ಮೇಲ್ಮನವಿ ಹಾಕಲಾಗದು. ಆರೋಪಿ ಬಿಡುಗಡೆಯಾದರೆ, ಚಿಕ್ಕ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಪರಿಹಾರ ಕಡಿಮೆಯಾದರೆ ಹಾಕಬಹುದು. ಶಿಕ್ಷೆ ಹೆಚ್ಚಿಸಿ ಎನ್ನುವ ಮೇಲ್ಮನವಿ ಸರ್ಕಾರದ ಕೈಯಲ್ಲಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ಅವರಿಗೆ ನಿಜವಾಗಿ ಹಿಡಿತ ಸಿಗುವುದು ಪರಿಹಾರದ ವಿಷಯದಲ್ಲಿ.

ಜೈಲು ಇಳಿಸುವಾಗ ಕೋರ್ಟುಗಳು ಸಾಮಾನ್ಯವಾಗಿ ದಂಡ ಏರಿಸಿ, ಅದರಲ್ಲಿ ದೊಡ್ಡ ಪಾಲನ್ನು ನೊಂದವರಿಗೆ ಕೊಡಿಸುತ್ತವೆ. ಇಲ್ಲೊಂದು ತೊಡಕು. ಮೂಲ ಕೋರ್ಟು ಕೊಡಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚನ್ನು ಮೇಲ್ಮನವಿ ಕೋರ್ಟು ಕೊಡುವಂತಿಲ್ಲ. ಹಳೆಯ ಜೆಎಂಎಫ್‌ಸಿ ಕೇಸಿನಲ್ಲಿ ಅದು ಒಂದು ಅಪರಾಧಕ್ಕೆ 10,000 ರೂಪಾಯಿಗೆ ನಿಂತುಬಿಡುತ್ತದೆ. ಎರಡು ಎಕರೆ ಕಳೆದುಕೊಂಡವರಿಗೆ ಅದು ವಕೀಲರ ಟೈಪಿಂಗ್ ಖರ್ಚಿಗೂ ಸಾಲದು. ಇದಕ್ಕೆ ದಾರಿ ಹಳೆಯ ಪ್ರಕ್ರಿಯಾ ಸಂಹಿತೆಯ 357(3), ಹೊಸ ನಾಗರಿಕ ಸುರಕ್ಷಾ ಸಂಹಿತೆಯ 395(3). ಶಿಕ್ಷೆಯಲ್ಲಿ ದಂಡ ಸೇರದಿದ್ದಾಗ ಪರಿಹಾರ ಕೊಡಿಸುವ ಅಧಿಕಾರ ಅದು, ಅದಕ್ಕೆ ಮೇಲ್ಮಿತಿ ಇಲ್ಲ. ಪರಿಹಾರದ ಪ್ರಶ್ನೆಯನ್ನು ಪ್ರತಿ ಕೇಸಿನಲ್ಲೂ ಪರಿಶೀಲಿಸಲೇಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ಸರ್ಕಾರಿ ವಕೀಲರ ಮೂಲಕ ನಷ್ಟದ ಲೆಕ್ಕ ಬರೆದುಕೊಡುವುದು ವ್ಯರ್ಥವಾಗದು: ಮಾರ್ಗಸೂಚಿ ಬೆಲೆ, ಕಳೆದ ಬೆಳೆ ಅಥವಾ ಬಾಡಿಗೆ, ದಾವೆಯ ಖರ್ಚು.

ದಂಡದಿಂದ ಕೊಡುವ ಪರಿಹಾರ ಮೇಲ್ಮನವಿ ಮುಗಿಯುವವರೆಗೆ ಕೈಗೆ ಬರುವುದಿಲ್ಲ. ದಂಡ ಕಟ್ಟದಿದ್ದರೆ ಅನುಭವಿಸಬೇಕಾದ ಜೈಲಿಗೆ ಸೆಟ್ ಆಫ್ ಸಿಗುವುದಿಲ್ಲ ಎಂಬುದನ್ನು ಆರೋಪಿಯ ಕಡೆಯವರು ಮರೆಯುತ್ತಾರೆ. ಜೈಲು ಮಾಫಿಯಾಯಿತೆಂದು ಮನೆಗೆ ಹೋದವರು ದಂಡದ ಗಡುವು ತಪ್ಪಿಸಿ ಮತ್ತೆ ಒಳಗೆ ಹೋಗುವುದು ಹೀಗೆ.

ಜಮೀನು ಎಲ್ಲಿ ನಿಂತಿದೆ

ಖೋಟಾ ಕೇಸಿನಲ್ಲಿ ಶಿಕ್ಷೆಯಾದರೂ, ಇಳಿದರೂ, ಕ್ರಯಪತ್ರ ತಾನಾಗಿ ರದ್ದಾಗುವುದಿಲ್ಲ. ಕ್ರಿಮಿನಲ್ ಕೇಸು ಇಸಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಮುಂದೆ ಕೊಳ್ಳುವವರಿಗೆ ಪತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಪತ್ರ ರದ್ದುಪಡಿಸಲು ಅಥವಾ ಅದು ತನ್ನ ಮೇಲೆ ಬಂಧನಕಾರಿಯಲ್ಲ ಎಂದು ಘೋಷಿಸಿಕೊಳ್ಳಲು ನಿರ್ದಿಷ್ಟ ಪರಿಹಾರ ಕಾಯ್ದೆಯ 31 ಮತ್ತು 34ನೇ ಸೆಕ್ಷನ್ ಅಡಿ ಸಿವಿಲ್ ದಾವೆ ಹೂಡಬೇಕು. ರದ್ದತಿ ದಾವೆಗೆ ವಿಷಯ ತಿಳಿದ ದಿನದಿಂದ 3 ವರ್ಷದ ಗಡುವು. ಎಷ್ಟೋ ಕುಟುಂಬಗಳು ಎಡವುವುದು ಇಲ್ಲೇ. ‘ಕ್ರಿಮಿನಲ್ ಕೇಸು ಮುಗಿಯಲಿ, ಆಮೇಲೆ ನೋಡೋಣ’ ಎಂದು ಕಾಯುತ್ತಾರೆ. ಕ್ರಿಮಿನಲ್ ಕೇಸು ಹದಿನೈದನೇ ವರ್ಷದಲ್ಲಿ ಗೆದ್ದಾಗ ಸಿವಿಲ್ ಗಡುವು ಎಂದೋ ದಾಟಿರುತ್ತದೆ. ಎರಡನ್ನೂ ಒಟ್ಟಿಗೆ ನಡೆಸಲು ಅಡ್ಡಿಯಿಲ್ಲ. ಒಂದು ಕೋರ್ಟಿನ ತೀರ್ಮಾನ ಇನ್ನೊಂದಕ್ಕೆ ಕಡ್ಡಾಯವೂ ಅಲ್ಲ ಎಂದು 2005ರಲ್ಲಿ ಸಂವಿಧಾನ ಪೀಠ ಹೇಳಿದೆ. ದಾವೆ ಬಾಕಿ ಇರುವಾಗ ಜಮೀನು ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರಾಗುತ್ತಾರೆ, ಕ್ರಿಮಿನಲ್ ಕೇಸಿಗೆ ಆ ಶಕ್ತಿ ಇಲ್ಲ.

ಸಿವಿಲ್ ಕೋರ್ಟು ಪತ್ರವನ್ನು ರದ್ದುಪಡಿಸಿದರೆ ಡಿಕ್ರಿಯ (ಸಿವಿಲ್ ಕೋರ್ಟಿನ ಅಂತಿಮ ಆದೇಶದ) ಪ್ರತಿಯನ್ನು ಆ ಪತ್ರ ನೋಂದಣಿಯಾದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳುಹಿಸಬೇಕು. ಅವರು ತಮ್ಮ ಪುಸ್ತಕದಲ್ಲಿ ಆ ದಸ್ತಾವೇಜಿನ ಪ್ರತಿಯ ಮೇಲೆ ರದ್ದಾದ ವಿಷಯವನ್ನು ಬರೆದುಕೊಳ್ಳಬೇಕು. ಪ್ರತಿ ಹೋಯಿತೇ, ಅಲ್ಲಿ ದಾಖಲಾಯಿತೇ ಎಂದು ಖುದ್ದಾಗಿ ಹೋಗಿ ಕೇಳಿ, ಹೊಸ ಇಸಿ ತೆಗೆಸಿ ನೋಡಿ, ಅದೇ ಡಿಕ್ರಿಯ ನಕಲಿನೊಂದಿಗೆ ಮ್ಯುಟೇಷನ್‌ಗೆ ಅರ್ಜಿ ಕೊಡಬೇಕು. ಪಹಣಿಯ ಮಾಲೀಕರ ಕಲಂನಲ್ಲಿ ಹೆಸರು ಬದಲಾಗುವುದು ಅದಾದ ಮೇಲೆಯೇ.